ರಕ್ತ ತಗುಲಿದ ಮೇಲೆ ಎಚ್‌ಐವಿ ಭಯ: ಅಪಾಯದ ಲೆಕ್ಕ, ಮೊದಲ 72 ಗಂಟೆ, ಆಮೇಲಿನ ಕಾಯುವಿಕೆ

ರಕ್ತ ಮೈಗೆ ತಗುಲಿ ಗಾಬರಿಯಿಂದ ಬಂದವರು ಕೇಳುವುದು ಒಂದೇ ಪ್ರಶ್ನೆ: "ಎಚ್‌ಐವಿ ಬರುವ ಸಾಧ್ಯತೆ ಇದೆಯಾ?" ಇದಕ್ಕೆ ನೇರ ಉತ್ತರ ಕೊಡಲು ಹೋದರೆ ಸಲಹೆ ಕೊಡುವ ನಾವೇ ಸಿಕ್ಕಿಬೀಳುತ್ತೇವೆ. ಸಾಧ್ಯತೆ ಶೂನ್ಯ ಎಂದರೆ ನಂಬುವುದಿಲ್ಲ, ತೀರಾ ಕಡಿಮೆ ಎಂದರೆ ಆ 'ತೀರಾ ಕಡಿಮೆ'ಯನ್ನೇ ಹಿಡಿದು ರಾತ್ರಿಯಿಡೀ ಕೊರಗುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ನಾವು ಬದಲಿಸಿಕೊಳ್ಳಬೇಕು. ಯಾರ ರಕ್ತ, ಹಸಿಯೋ ಒಣಗಿದ್ದೋ, ಮೈಯ ಯಾವ ಜಾಗಕ್ಕೆ ತಗುಲಿತು, ಆಗಿ ಎಷ್ಟು ಗಂಟೆಯಾಯಿತು? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಮುಂದೇನು ಮಾಡಬೇಕೆಂಬುದು ಬಹುತೇಕ ತೀರ್ಮಾನವಾದಂತೆ.

ವೈರಸ್ಸಿಗೆ ದಾರಿ ಎಲ್ಲಿದೆ?

ಎಚ್‌ಐವಿ ಬೆಳೆಯುವುದು ಸಿಡಿ4 ಗ್ರಾಹಕ (ವೈರಸ್ ಅಂಟಿಕೊಳ್ಳುವ ಪ್ರೋಟೀನು) ಇರುವ ಜೀವಕೋಶಗಳಲ್ಲಿ, ಮುಖ್ಯವಾಗಿ ಬಿಳಿ ರಕ್ತಕಣಗಳಲ್ಲಿ. ಚರ್ಮದ ಹೊರಪದರ ಸತ್ತ ಕೋಶಗಳದ್ದು, ಅಲ್ಲಿ ಅದಕ್ಕೆ ಹಿಡಿತವೇ ಸಿಗುವುದಿಲ್ಲ. ಹಾಗಾಗಿ ಗಾಯವಿಲ್ಲದ ಚರ್ಮದ ಮೇಲೆ ಸೋಂಕಿತರ ರಕ್ತ ಬಿದ್ದರೂ ಅದನ್ನು 'ಒಡ್ಡಿಕೆ' (ವೈರಸ್ ಒಳಹೋಗಲು ದಾರಿ ಸಿಕ್ಕ ಸಂಪರ್ಕ) ಎಂದು ಗಣಿಸುವುದಿಲ್ಲ. ತೊಳೆದುಕೊಂಡರೆ ಮುಗಿಯಿತು, ಔಷಧಿಯೂ ಬೇಡ, ಪರೀಕ್ಷೆಯೂ ಬೇಡ.

ಇಲ್ಲಿ ತಕ್ಷಣ ಬರುವ ಮಾತು: "ಕಣ್ಣಿಗೆ ಕಾಣದ ಸಣ್ಣ ಗಾಯವಿದ್ದರೆ?" ರಕ್ತ ತಗುಲಿದ ಹೊತ್ತಿನಲ್ಲೇ ಆ ಗಾಯ ಒಸರುತ್ತಿತ್ತೇ ಎಂಬುದು ಮುಖ್ಯ. ಹಕ್ಕಳೆ ಕಟ್ಟಿದ ಗಾಯ, ಹಳೆಯ ತರಚು, ಉಗುರಿನ ಬದಿಯ ಸಿಪ್ಪೆ ಇವೆಲ್ಲ ಮುಚ್ಚಿದ ಬಾಗಿಲುಗಳು. ಹಸಿ ಗಾಯ, ಒಡೆದು ನೀರಾಡುವ ಇಸುಬು, ಆಗಷ್ಟೇ ಕೊಯ್ದುಕೊಂಡ ಬೆರಳು ಇವು ಗಣನೆಗೆ ಬರುತ್ತವೆ. ಕಣ್ಣು, ಮೂಗು, ಬಾಯಿಯ ಲೋಳೆಪೊರೆಯೂ ಹಾಗೆಯೇ.

ಅಂಕಿಗಳು ಏನು ಹೇಳುತ್ತವೆ?

ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಸೋಂಕು ತಗುಲುವ ಸರಾಸರಿ ಪ್ರಮಾಣ ಸುಮಾರು 0.23%, ಅಂದರೆ ಸಾವಿರ ಚುಚ್ಚುಗಳಲ್ಲಿ ಎರಡು ಮೂರು. ಲೋಳೆಪೊರೆಗೆ ರಕ್ತ ಸಿಡಿದರೆ ಸುಮಾರು 0.09%. ಸರಾಸರಿ ಎಂಬ ಮಾತನ್ನು ಮರೆಯಬಾರದು. 1997ರಲ್ಲಿ ಪ್ರಕಟವಾದ ಆರೋಗ್ಯ ಸಿಬ್ಬಂದಿಯ ಅಧ್ಯಯನವೊಂದು ಅಪಾಯ ಹೆಚ್ಚಿಸುವ ಅಂಶಗಳನ್ನು ಗುರುತಿಸಿತು: ಆಳವಾದ ಗಾಯ, ಸೂಜಿಯ ಮೇಲೆ ಕಣ್ಣಿಗೆ ಕಾಣುವ ರಕ್ತ, ರೋಗಿಯ ರಕ್ತನಾಳದೊಳಗೆ ಹೋಗಿ ಬಂದ ಸೂಜಿ, ಕಾಯಿಲೆಯ ಕೊನೆಯ ಹಂತದಲ್ಲಿದ್ದ ರೋಗಿ. ಕೊನೆಯದು ವಾಸ್ತವದಲ್ಲಿ ವೈರಲ್ ಲೋಡ್‌ನ, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣದ ಮಾತು. ಟೊಳ್ಳು ಸೂಜಿ ತನ್ನೊಳಗೆ ರಕ್ತ ಹೊತ್ತು ತರುತ್ತದೆ. ಗಾಯ ಹೊಲಿಯುವ ಸೂಜಿಯೊಳಗೆ ಟೊಳ್ಳಿಲ್ಲ, ಮೇಲ್ಮೈಯ ರಕ್ತವನ್ನೂ ಕೈಗವಸು ಒಂದಿಷ್ಟು ಒರೆಸಿಬಿಡುತ್ತದೆ.

ಯಾರ ರಕ್ತವೆಂದೇ ಗೊತ್ತಿಲ್ಲದಿದ್ದರೆ ಇನ್ನೊಂದು ಗುಣಾಕಾರ ಬೇಕು. ಆ ಗುಂಪಿನಲ್ಲಿ ನೂರಕ್ಕೆ ಒಬ್ಬರಿಗೆ ಎಚ್‌ಐವಿ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. 0.01 × 0.0023 ಅಂದರೆ ಲಕ್ಷಕ್ಕೆ ಎರಡು ಚಿಲ್ಲರೆ. ಭಯಗೊಂಡವರು ಈ ಮೊದಲ ಗುಣಕವನ್ನು ಬಿಟ್ಟೇಬಿಡುತ್ತಾರೆ. ಅವರ ಮನಸ್ಸಿನಲ್ಲಿ ಎದುರಿನ ರಕ್ತ ಸೋಂಕಿತರದ್ದೇ ಆಗಿರುತ್ತದೆ.

ಒಣಗಿದ ರಕ್ತದ ವಿಷಯಕ್ಕೆ ಬಂದರೆ, ಒಣಗಿದ ಕೆಲವು ಗಂಟೆಗಳಲ್ಲೇ ಸೋಂಕು ತರಬಲ್ಲ ವೈರಸ್ 90ರಿಂದ 99% ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಬಳಸುವುದು ರೋಗಿಯ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು ಸಾಂದ್ರ ವೈರಸ್, ಅದರಲ್ಲೂ ಈ ಇಳಿಕೆ. ಸಿರಿಂಜಿನ ಕಥೆ ಬೇರೆ. ಒಳಗೆ ಸಿಕ್ಕಿಕೊಂಡ ರಕ್ತ ಗಾಳಿಗೆ ಒಣಗುವುದಿಲ್ಲ, ತಂಪಿದ್ದರೆ ವಾರಗಟ್ಟಲೆ ವೈರಸ್ ಉಳಿಯಬಲ್ಲದು. ಗೋಡೆಯ ಕಲೆಗೂ ಬಿಸಾಡಿದ ಸಿರಿಂಜಿಗೂ ಒಂದೇ ಉತ್ತರ ಕೊಡಬೇಡಿ.

ಎಚ್‌ಐವಿಯ ಭಯದಲ್ಲಿ ಹೆಪಟೈಟಿಸ್ ಬಿ ಮರೆತುಹೋಗುವುದು ದೊಡ್ಡ ತಪ್ಪು. ಲಸಿಕೆ ಇಲ್ಲದವರಿಗೆ ಸೂಜಿ ಚುಚ್ಚಿನಿಂದ ಅದು ಹರಡುವ ಪ್ರಮಾಣ 6ರಿಂದ 30%. ಒಣ ಮೇಲ್ಮೈಯಲ್ಲೂ ಆ ವೈರಸ್ ಕನಿಷ್ಠ ಏಳು ದಿನ ಉಳಿಯುತ್ತದೆ. ಇಷ್ಟು ದೊಡ್ಡ ಅಪಾಯಕ್ಕೆ ಸುಲಭವಾದ ಲಸಿಕೆ ಇದೆ, ಅದರ ಬಗ್ಗೆ ಕೇಳುವವರು ಮಾತ್ರ ವಿರಳ.

ಮೊದಲ ನಿಮಿಷಗಳು

ಗಾಯವನ್ನು ಹರಿಯುವ ನೀರು, ಸಾಬೂನಿನಿಂದ ತೊಳೆಯುವುದು. ಅಷ್ಟೇ. ಹಿಂಡಿ ರಕ್ತ ತೆಗೆಯುವುದು, ಬಾಯಿಂದ ಹೀರುವುದು, ಬ್ಲೀಚ್ ಸುರಿಯುವುದು ಯಾವುದೂ ಬೇಡ. ಅವು ಅಂಗಾಂಶವನ್ನು ಜಜ್ಜಿ, ಸುಟ್ಟು ಉರಿಯೂತ ತರುತ್ತವೆ, ಉರಿಯೂತವಿದ್ದಲ್ಲಿಗೆ ಬರುವುದು ವೈರಸ್ಸಿಗೆ ಬೇಕಾದ ಬಿಳಿ ಕಣಗಳೇ. ಕಣ್ಣಿಗೆ ಸಿಡಿದರೆ ನೀರು ಅಥವಾ ಸಲೈನ್ ಹಾಕಿ ಚೆನ್ನಾಗಿ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೊಳೆಯುವಾಗ ಹಾಗೇ ಇರಲಿ, ಆಮೇಲೆ ತೆಗೆದು ಸ್ವಚ್ಛಗೊಳಿಸಿ. ಬಾಯಿಗೆ ಹೋದರೆ ಉಗುಳಿ, ನೀರಿನಿಂದ ಹಲವು ಬಾರಿ ಮುಕ್ಕಳಿಸಿ.

ಪಿಇಪಿ: ಗಡಿಯಾರ ಓಡುತ್ತಿದೆ

ಒಡ್ಡಿಕೆಯ ನಂತರ ಕೊಡುವ ತಡೆ ಚಿಕಿತ್ಸೆಗೆ ಪಿಇಪಿ ಎಂದು ಹೆಸರು. ವೈರಸ್ ಮೊದಲು ಪ್ರವೇಶದ ಜಾಗದ ಕೋಶಗಳಲ್ಲಿ, ನಂತರ ಹತ್ತಿರದ ದುಗ್ಧಗ್ರಂಥಿಗಳಲ್ಲಿ ನೆಲೆಯೂರುತ್ತದೆ. ಎರಡು ಮೂರು ದಿನಗಳ ಆ ಅಂತರದಲ್ಲೇ ಔಷಧಿ ಅದನ್ನು ಹಿಡಿಯಬೇಕು. ಆದ್ದರಿಂದ 72 ಗಂಟೆಯ ಮಿತಿ. 72 ಗಂಟೆ ಇದೆಯಲ್ಲ ಎಂದು ಕಾಯುವಂತಿಲ್ಲ, ಮೊದಲ ಕೆಲವು ಗಂಟೆಗಳಲ್ಲಿ ಶುರುವಾದರೆ ಒಳ್ಳೆಯದು. ವಿಪರ್ಯಾಸವೆಂದರೆ ಭಯಪಟ್ಟವರು ಈ ಮೂರು ದಿನಗಳನ್ನು ಮೊಬೈಲಿನಲ್ಲಿ ಹುಡುಕುತ್ತಾ ಕಳೆದು, ನಾಲ್ಕನೆಯ ದಿನ ವೈದ್ಯರ ಬಳಿ ಬರುತ್ತಾರೆ.

ಸಾಮಾನ್ಯ ಕ್ರಮ: ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ, ದಿನಕ್ಕೊಮ್ಮೆ, 28 ದಿನ. ಬರೆದುಕೊಡುವುದು ವೈದ್ಯರೇ. ಶುರುವಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕ್ರಿಯೇಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ) ಪರೀಕ್ಷೆ ಮಾಡಿಸುತ್ತಾರೆ, ವರದಿಗಾಗಿ ಮೊದಲ ಡೋಸ್ ನಿಲ್ಲಿಸಬಾರದು. ಎಡವುವ ಜಾಗಗಳು ಮೂರು. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಜೊತೆಗೆ ನುಂಗಿದರೆ ಡೊಲುಟೆಗ್ರಾವಿರ್ ಅನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಆಂಟಾಸಿಡ್‌ಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಮೊದಲೇ ಹೆಪಟೈಟಿಸ್ ಬಿ ಇದ್ದವರು 28ನೇ ದಿನ ತಾವಾಗಿಯೇ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಭುಗಿಲೇಳಬಹುದು. ಮೂರನೆಯದು ಸರ್ವೇಸಾಮಾನ್ಯ: ಹತ್ತು ದಿನಕ್ಕೆ ಭಯ ಇಳಿದು ಮಾತ್ರೆಯನ್ನೇ ಬಿಡುವುದು.

ಪರೀಕ್ಷೆ ಯಾವಾಗ?

ಮರುದಿನವೇ ಮಾಡಿಸಿದ ಪರೀಕ್ಷೆ ತೋರಿಸುವುದು ಹಳೆಯ ಸ್ಥಿತಿಯನ್ನು, ಈ ಘಟನೆಯನ್ನಲ್ಲ. ಪ್ರತಿಕಾಯ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರೋಟೀನು) ಮತ್ತು ಪಿ24 ಪ್ರತಿಜನಕ (ವೈರಸ್ಸಿನದೇ ಪ್ರೋಟೀನು) ಎರಡನ್ನೂ ನೋಡುವ ನಾಲ್ಕನೇ ಪೀಳಿಗೆಯ ಪರೀಕ್ಷೆಯನ್ನು ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡಿದರೆ ವಿಂಡೋ ಅವಧಿ (ಒಡ್ಡಿಕೆಯಾಗಿ ಪರೀಕ್ಷೆಯಲ್ಲಿ ಸೋಂಕು ಕಾಣಿಸಲು ಹಿಡಿಯುವ ಕಾಲ) 18ರಿಂದ 45 ದಿನ. ಬರೀ ಪ್ರತಿಕಾಯ ನೋಡುವ ಪರೀಕ್ಷೆಗೆ 23ರಿಂದ 90 ದಿನ. ಪಿಇಪಿ ತೆಗೆದುಕೊಂಡವರಲ್ಲಿ ಪ್ರತಿಕಾಯ ತಡವಾಗಬಹುದು, ಹಾಗಾಗಿ ದಿನಗಳನ್ನು ಕೊನೆಯ ಮಾತ್ರೆಯಿಂದ ಎಣಿಸುವುದು ಕ್ಷೇಮ. ನಿಜವಾದ ಒಡ್ಡಿಕೆಯಾದವರು ಅಲ್ಲಿಯವರೆಗೆ ರಕ್ತದಾನ ಮಾಡಬಾರದು, ಕಾಂಡೋಮ್ ಬಳಸಬೇಕು. ಒಡ್ಡಿಕೆಯೇ ಆಗದವರಿಗೆ 'ಎಚ್ಚರಿಕೆಗೆ ಇರಲಿ' ಎಂದು ಇದನ್ನೇ ಹೇಳಿದರೆ ಅವರ ಭಯಕ್ಕೆ ನಾವೇ ಸಹಿ ಹಾಕಿಕೊಟ್ಟಂತೆ.

ಪರೀಕ್ಷೆ ಹೆಚ್ಚಾದಷ್ಟೂ ಒಳ್ಳೆಯದಲ್ಲವೇ? ಅಲ್ಲ. ನಿರ್ದಿಷ್ಟತೆ (ಸೋಂಕಿಲ್ಲದವರನ್ನು ಸೋಂಕಿಲ್ಲವೆಂದೇ ತೋರಿಸುವ ಪ್ರಮಾಣ) 99.5% ಇರುವ ಪರೀಕ್ಷೆಯನ್ನು ಸೋಂಕೇ ಇಲ್ಲದ ಸಾವಿರ ಜನರಿಗೆ ಮಾಡಿದರೆ ಐವರಲ್ಲಿ ಸುಳ್ಳು ಪಾಸಿಟಿವ್ ಬರುತ್ತದೆ. ದೃಢೀಕರಣ ಪರೀಕ್ಷೆ ಅದನ್ನು ಸರಿಪಡಿಸುತ್ತದೆ ನಿಜ, ಆದರೆ ನಡುವಿನ ದಿನಗಳು ಗೀಳು ಹಿಡಿದವರಿಗೆ ನರಕ.

ಭಯವೇ ಕಾಯಿಲೆಯಾದಾಗ

ಹೊಸ ಸೋಂಕಿನ ಜ್ವರ, ಗಂಟಲುನೋವು, ಮೈಮೇಲೆ ದದ್ದು, ಗ್ರಂಥಿಗಳ ಊತ ಬರುವುದಾದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ವಾರದಲ್ಲಿ. ಮೂರನೇ ದಿನದ ಬೆವರು, ಭೇದಿ, ಎದೆಬಡಿತ ಆತಂಕದವು. ದಿನಕ್ಕೆ ಹತ್ತು ಸಲ ಕುತ್ತಿಗೆ ಒತ್ತಿ ನೋಡಿದರೆ ಆ ಜಾಗ ನೋಯುವುದು ಸಹಜ, ನೋವು ಕಂಡು ಮತ್ತೆ ಒತ್ತುತ್ತಾರೆ. ವಿಂಡೋ ಅವಧಿ ಮುಗಿದ ಮೇಲೂ ಲ್ಯಾಬ್ ಬದಲಿಸಿ ಪರೀಕ್ಷೆ ಮಾಡಿಸುವುದು, "ಸೂಜಿ ಹೊಸದೇ ಆಗಿತ್ತಾ, ನಾನು ನೋಡಿದೆನಾ" ಎಂದು ನೆನಪನ್ನೇ ಅನುಮಾನಿಸುವುದು, ಮನೆಯವರನ್ನು ಮುಟ್ಟಲು ಹೆದರುವುದು ಕಂಡರೆ ವಿಷಯ ವೈರಸ್ಸಿನದ್ದಲ್ಲ.

ಇಂಥವರಿಗೆ ಪದೇಪದೇ "ಏನೂ ಆಗಲ್ಲ ಬಿಡಿ" ಎನ್ನುವುದು ತುರಿಕೆಗೆ ಉಗುರು ಹಾಕಿದಂತೆ. ಗಳಿಗೆಯ ಸಮಾಧಾನ, ಆಮೇಲೆ ಇನ್ನಷ್ಟು ತುರಿಕೆ. ಒಮ್ಮೆ ಕಾರಣ ಸಮೇತ ವಿವರಿಸಿ, ಪರೀಕ್ಷೆ ಬೇಕಿದ್ದರೆ ದಿನಾಂಕವನ್ನು ಬರೆದುಕೊಡಿ. ಅದೇ ಪ್ರಶ್ನೆ ಮತ್ತೆ ಬಂದರೆ "ಇದಕ್ಕೆ ಉತ್ತರ ಆಗಲೇ ಕೊಟ್ಟಿದ್ದೇನೆ, ಈಗ ಕಾಡುತ್ತಿರುವುದು ಆತಂಕ, ಅದರ ಬಗ್ಗೆ ಮಾತಾಡೋಣ" ಎಂದು ಮೆತ್ತಗೆ ತಿರುಗಿಸಿ. ಚಿಕಿತ್ಸೆ ಇದೆ: ಅರಿವಿನ ವರ್ತನಾ ಚಿಕಿತ್ಸೆ, ಅದರಲ್ಲೂ ಭಯದ ಸನ್ನಿವೇಶಕ್ಕೆ ಹಂತಹಂತವಾಗಿ ಒಡ್ಡಿ ತಪಾಸಣೆಯ ಚಟವನ್ನು ತಡೆಯುವ ವಿಧಾನ. ಮೊದಲ ವಾರ ಕುತ್ತಿಗೆ ಒತ್ತುವುದನ್ನು ದಿನಕ್ಕೆ ಎರಡಕ್ಕೆ ಇಳಿಸಿ, ಮುಂದೆ ಹುಡುಕಾಟ ನಿಲ್ಲಿಸಿ, ಆಮೇಲೆ ಕೆಂಪು ಕಲೆಯಿರುವ ಬೆಂಚಿನ ಮೇಲೆ ಕೂತು ಕೈ ತೊಳೆಯದೆ ಏಳುವವರೆಗೆ. ಬೇಕಾದವರಿಗೆ ಮನೋವೈದ್ಯರು ಎಸ್‌ಎಸ್‌ಆರ್‌ಐ ಗುಂಪಿನ, ಅಂದರೆ ಆತಂಕ ಮತ್ತು ಗೀಳು ಇಳಿಸುವ ಔಷಧಿ ಕೊಡುತ್ತಾರೆ, ಪರಿಣಾಮ ಕಾಣಲು ಹಲವು ವಾರ ಹಿಡಿಯುತ್ತದೆ. ನಿದ್ದೆ ಪೂರ್ತಿ ಹೋಗಿ, ಬದುಕಿ ಫಲವಿಲ್ಲ ಎಂಬ ಮಾತು ಬಂದರೆ ವಿಂಡೋ ಅವಧಿಯ ಲೆಕ್ಕ ಬದಿಗಿಟ್ಟು ಅಂದೇ ಮನೋವೈದ್ಯರ ಬಳಿ ಕರೆದೊಯ್ಯಬೇಕು, ಒಬ್ಬರನ್ನೇ ಬಿಡಬಾರದು.