ಲೈಫ್ ಜಾಕೆಟ್ ಹೇಗೆ ಕೆಲಸ ಮಾಡುತ್ತದೆ: ದೋಣಿ ಕಲಿಯುವವರಿಗೆ ಟಿಪ್ಪಣಿ

ಶರಾವತಿ ಹಿನ್ನೀರಿನಲ್ಲಿ ದೋಣಿ ನಡೆಸಲು ಕಲಿಯುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹುಟ್ಟು ಹಾಕುವುದನ್ನು ನೀರಿನಲ್ಲೇ ಕಲಿಯಬೇಕು, ಅದು ಓದಿದರೆ ಬರುವುದಿಲ್ಲ. ಲೈಫ್ ಜಾಕೆಟ್ ವಿಷಯ ಹಾಗಲ್ಲ. ಅದರ ಲೆಕ್ಕ ದಡದಲ್ಲಿ ಕೂತೇ ತಿಳಿಯುತ್ತದೆ. ಲೆಕ್ಕ ತಲೆಗೆ ಹತ್ತಿದ ಮೇಲೆ ಬಕಲ್ ಹಾಕಿ ಅಂತ ಯಾರೂ ಹಿಂದೆ ಬಿದ್ದು ಹೇಳಬೇಕಾಗುವುದಿಲ್ಲ.

ಎಷ್ಟು ಎತ್ತಿದರೆ ಸಾಕು?

ನಮ್ಮ ಮೈ ಹೆಚ್ಚುಕಮ್ಮಿ ನೀರಿನಷ್ಟೇ ಸಾಂದ್ರ. ಎದೆ ತುಂಬ ಉಸಿರು ಎಳೆದುಕೊಂಡರೆ ಹೆಚ್ಚಿನವರು ತೇಲುತ್ತಾರೆ, ಪೂರ್ತಿ ಬಿಟ್ಟರೆ ಮುಳುಗುತ್ತಾರೆ. ತೇಲಿದರೂ ನೆಟ್ಟಗೆ ನಿಂತ ಭಂಗಿಯಲ್ಲಿ ನೀರಿನ ಮೇಲೆ ಕಾಣುವುದು ನೆತ್ತಿ ಮಾತ್ರ. ನಮಗೆ ಬೇಕಾದ ಮೂಗು, ಬಾಯಿ ಎರಡೂ ಒಳಗೇ ಇರುತ್ತವೆ.

ದೊಡ್ಡವರ ತಲೆ ಸುಮಾರು 4–5 ಕೆಜಿ ತೂಗುತ್ತದೆ. ತಲೆ ನೀರಿನ ಒಳಗೆ ಇರುವಷ್ಟು ಹೊತ್ತು ಆ ಭಾರವನ್ನು ನೀರೇ ಹೊರುತ್ತದೆ. ಹೊರಗೆ ಎತ್ತಿದ ಕೂಡಲೇ ಅದು ಕೆಳಗಿನ ಮೈ ಮೇಲೆ ಬೀಳುತ್ತದೆ. ಈಜು ಬಲ್ಲವರು ಕೈಕಾಲು ಆಡಿಸಿ ಈ ಕೊರತೆ ತುಂಬಿಸಿಕೊಳ್ಳುತ್ತಾರೆ. ಸುಸ್ತಾಗುವ ತನಕ ಮಾತ್ರ.

ಜಾಕೆಟ್ ಮಾಡುವುದು ಇಷ್ಟೇ ಕೆಲಸ: ಆ ನಾಲ್ಕೈದು ಕೆಜಿಯನ್ನು ನಮ್ಮ ಬದಲಿಗೆ ಎತ್ತಿ ಹಿಡಿಯುತ್ತದೆ. ಲೇಬಲ್ ಮೇಲೆ 50, 100, 150 ನ್ಯೂಟನ್ ಅಂತ ಬರೆದಿರುತ್ತದಲ್ವಾ, ಅದು ಎತ್ತುವ ಬಲ. 10 ನ್ಯೂಟನ್ ಅಂದರೆ ಹತ್ತಿರ ಹತ್ತಿರ 1 ಕೆಜಿ. 50 ನ್ಯೂಟನ್ನಿನದು ಈಜು ಬಲ್ಲವರಿಗೆ, ದಡ ಅಥವಾ ಸಹಾಯ ಹತ್ತಿರದಲ್ಲೇ ಇದ್ದಾಗ. ಕಯಾಕ್ ನಡೆಸುವವರು ಹಾಕುವುದು ಹೆಚ್ಚಾಗಿ ಇದನ್ನೇ. ಈಜು ಬಾರದವರಿಗೆ ಶಾಂತ ನೀರಿನಲ್ಲಾದರೂ 100 ಬೇಕು. ಕಡಲಿಗೆ 150 ಮತ್ತು ಅದಕ್ಕಿಂತ ಮೇಲಿನದು. ದೋಣಿ ಹತ್ತುವ ಮೊದಲು ಆ ಲೇಬಲ್ ತಿರುಗಿಸಿ ನೋಡಿ. ಲೇಬಲ್ಲೇ ಇಲ್ಲದಿದ್ದರೆ ಬೇರೆ ಜಾಕೆಟ್ ಕೇಳಿ.

100 ನ್ಯೂಟನ್, ಅಂದರೆ 10 ಕೆಜಿ ಎತ್ತಲು 10 ಲೀಟರಿಗಿಂತ ಸ್ವಲ್ಪ ಜಾಸ್ತಿ ಫೋಮ್ ಸಾಕು. ಮನೆಗೆ ತರಿಸುವ 20 ಲೀಟರ್ ಕುಡಿಯುವ ನೀರಿನ ಕ್ಯಾನ್‌ನ ಅರ್ಧದಷ್ಟು ಜಾಗ. ನಮ್ಮ ಕಡೆ ಅಜ್ಜಂದಿರು ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಸೊಂಟಕ್ಕೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತಿದ್ದೂ ಇದೇ ಲೆಕ್ಕದ ಮೇಲೆ.

ಇಲ್ಲೇ ಒಂದು ವಿಷಯ ಗುರುತು ಹಾಕಿಕೊಳ್ಳಿ. ಸಮುದ್ರದ ನೀರು ಉಪ್ಪಿನಿಂದಾಗಿ ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಭಾರ. 60 ಕೆಜಿಯ ಮನುಷ್ಯನನ್ನು ಕಡಲು ನಮ್ಮ ಹೊಳೆಗಿಂತ ಸುಮಾರು ಒಂದೂವರೆ ಕೆಜಿ ಜಾಸ್ತಿ ಎತ್ತುತ್ತದೆ. ತಲೆಯ ಭಾರ ನಾಲ್ಕೈದು ಕೆಜಿ ಅಂದ ಮೇಲೆ ಒಂದೂವರೆ ಕೆಜಿ ಸಣ್ಣದಲ್ಲ. ಮುರುಡೇಶ್ವರದಲ್ಲಿ ಆರಾಮಾಗಿ ತೇಲಿದ್ದೆ ಅನ್ನುವ ಧೈರ್ಯ ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲಿ ನಡೆಯುವುದಿಲ್ಲ.

ಎದೆಯ ಕಡೆ ದಪ್ಪ ಯಾಕೆ?

ಜಾಕೆಟ್ಟನ್ನು ಕೈಯಲ್ಲಿ ಹಿಡಿದು ನೋಡಿ. ಎದೆಯ ಕಡೆ ಫೋಮ್ ಜಾಸ್ತಿ, ಬೆನ್ನಿಗೆ ಕಡಿಮೆ. ಒಳ್ಳೆಯದಕ್ಕೆ ಕುತ್ತಿಗೆಯ ಹಿಂದೆ ದಪ್ಪ ಕಾಲರ್ ಕೂಡ ಇರುತ್ತದೆ. ತೇಲಿಸುವ ಬಲ ಮುಂದೆ ಇದ್ದರೆ ಎದೆ ಮೇಲೆ ಬರುತ್ತದೆ, ಬೆನ್ನು ಕೆಳಗೆ ಹೋಗುತ್ತದೆ, ಮುಖ ಆಕಾಶಕ್ಕೆ ತಿರುಗುತ್ತದೆ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವರು ಬದುಕುವುದು ಈ ತಿರುಗುವಿಕೆಯಿಂದಲೇ. ಹಡಗುಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಜಾಕೆಟ್ ಎಚ್ಚರ ತಪ್ಪಿದವರನ್ನು ಬೇಗನೆ ಮುಖ ಮೇಲಾಗಿ ತಿರುಗಿಸಬೇಕು, ಬಾಯಿ ನೀರಿನಿಂದ ಮೇಲಿರಬೇಕು. 50 ನ್ಯೂಟನ್ನಿನದಕ್ಕೆ ಹೀಗೆ ತಿರುಗಿಸುವ ಜವಾಬ್ದಾರಿ ಇಲ್ಲ, ನೆನಪಿರಲಿ. ಜಾಕೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡರೆ ಇದೇ ಬಲ ಮುಖವನ್ನು ನೀರಿಗೆ ಒತ್ತುತ್ತದೆ.

ಬಕಲ್ ಮತ್ತು ಪಟ್ಟಿ

ನನ್ನ ಪ್ರಕಾರ ಇಡೀ ಟಿಪ್ಪಣಿಯಲ್ಲಿ ಮುಖ್ಯವಾದದ್ದು ಈ ಭಾಗ. ಪ್ರವಾಸಿ ತಾಣಗಳಲ್ಲಿ ಜಾಕೆಟ್ ಕೊಡುತ್ತಾರೆ, ಜನ ಹಾಕಿಕೊಳ್ಳುತ್ತಾರೆ ಕೂಡ. ಆದರೆ ಎದುರಿನ ಬಕಲ್ ಬಿಚ್ಚಿಟ್ಟುಕೊಂಡು, ಫೋಟೋದಲ್ಲಿ ಅಂಗಿ ಕಾಣಲಿ ಅಂತ ಹೆಗಲ ಮೇಲೆ ಇಳಿಬಿಟ್ಟಿರುತ್ತಾರೆ. ನೀರಿಗೆ ಬಿದ್ದಾಗ ಏನಾಗುತ್ತದೆ ನೋಡಿ. ಜಾಕೆಟ್ ಮೇಲಕ್ಕೆ ಎಳೆಯುತ್ತದೆ, ಮೈ ಕೆಳಗೆ ಜಗ್ಗುತ್ತದೆ. ಗಾಬರಿಯಲ್ಲಿ ಕೈ ಮೇಲೆ ಹೋಗುತ್ತದೆ. ಪಟ್ಟಿ ಬಿಗಿ ಇಲ್ಲದ ಜಾಕೆಟ್ ತೋಳಿನಿಂದ ಜಾರಿ ಬೇರೆ ಕಡೆ ತೇಲುತ್ತದೆ.

ಪರೀಕ್ಷೆ ಸುಲಭ. ಎಲ್ಲ ಬಕಲ್ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ, ಜೊತೆಯವರಿಗೆ ಹೆಗಲ ಹತ್ತಿರ ಜಾಕೆಟ್ ಹಿಡಿದು ಮೇಲೆ ಎತ್ತಲು ಹೇಳಿ. ಗಲ್ಲ, ಕಿವಿಯ ತನಕ ಬಂದರೆ ಅದು ದೊಡ್ಡದು ಅಥವಾ ಸಡಿಲ. ಮಕ್ಕಳಿಗೆ ತೂಕ ನೋಡಿ ಮಕ್ಕಳದ್ದೇ ಕೊಡಬೇಕು, ಕಾಲಿನ ನಡುವೆ ಹಾಯುವ ಪಟ್ಟಿಯೂ ಇರಬೇಕು. ದೊಡ್ಡವರ ಜಾಕೆಟ್ಟಿನಿಂದ ಮಗು ಸಲೀಸಾಗಿ ಜಾರಿಹೋಗುತ್ತದೆ. ಕಂಕುಳ ಕೂಸಿಗೆ ಸರಿಹೊಂದುವುದು ಸಿಗದಿದ್ದರೆ ಕೂಸು, ತಾಯಿ ಇಬ್ಬರೂ ದಡದಲ್ಲಿರಲಿ. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಅದರ ಮೇಲೆ ಜಾಕೆಟ್ ಹಾಕಬೇಕು. ಮಳೆಗಾಲದಲ್ಲಿ ರೇನ್‌ಕೋಟ್ ಒಳಗೆ, ಜಾಕೆಟ್ ಹೊರಗೆ. ಬೆನ್ನಿನ ಬ್ಯಾಗು ತೆಗೆದು ದೋಣಿಯಲ್ಲಿಡಿ.

ಬಿದ್ದ ಮೇಲೆ ಹಾಕಿಕೊಂಡರಾಯಿತಲ್ಲ ಅನ್ನುವವರಿಗೆ: ನೀರಿನಲ್ಲಿ ಜಾಕೆಟ್ ನಿಮ್ಮ ಕೈಗೆ ನಿಲ್ಲುವುದಿಲ್ಲ, ಅದಕ್ಕೆ ತೋಳು ತೂರಿಸಲು ಬೇಕಾದ ಎರಡೂ ಕೈ ತೇಲುವುದಕ್ಕೇ ಸಾಲುವುದಿಲ್ಲ. ಮುಳುಗುವವರು ಕೂಗಿ ಕರೆಯುವುದೂ ಕಡಿಮೆ. ಬಾಯಿ ನೀರಿನ ಮೇಲೆ ಬಂದ ಕ್ಷಣದಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಕೂಗಲು ಉಸಿರೇ ಇರುವುದಿಲ್ಲ. ಎಷ್ಟೋ ಸಲ ಒಂದು ನಿಮಿಷದೊಳಗೆ ಸದ್ದಿಲ್ಲದೆ ಮುಗಿದುಹೋಗುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2023ರ ಲೆಕ್ಕ ಕೊಟ್ಟಿದೆ: ಅಲ್ಲಿ ವಿಹಾರದ ದೋಣಿ ಅಪಘಾತಗಳಲ್ಲಿ ಮುಳುಗಿ ಸತ್ತವರಲ್ಲಿ ಶೇಕಡಾ 87 ಜನ ಜಾಕೆಟ್ ಹಾಕಿರಲಿಲ್ಲ. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, 2 ಶಿಕ್ಷಕಿಯರು ಹೋದರು. ಅಲ್ಲೂ ಹೆಚ್ಚಿನವರ ಮೈಮೇಲೆ ಜಾಕೆಟ್ ಇರಲಿಲ್ಲ. ಓದುವಾಗ ಹೊಟ್ಟೆ ಉರಿಯುತ್ತದೆ.

ದೋಣಿ ಮಗುಚುವುದು ಹೇಗೆ?

ಭಾರ ಕೆಳಗಿದ್ದಷ್ಟು ದೋಣಿ ಗಟ್ಟಿ. ಎದ್ದು ನಿಂತರೆ, ಎಲ್ಲರೂ ಒಂದೇ ಬದಿಗೆ ಹೋದರೆ ಆ ಗಟ್ಟಿತನ ಹೋಗುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡು ಅಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡು ಜನ ಒಂದೇ ಕಡೆ ನುಗ್ಗಿದರು ಅಂತ ವರದಿಯಾಗಿತ್ತು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲೂ ನೀರಿಗಿಳಿದ ಆನೆ ಕಾಣಸಿಗುತ್ತದೆ. ಕೂತಲ್ಲಿಂದಲೇ ನೋಡಬೇಕು.

ತೆಪ್ಪ ಇನ್ನೂ ಸೂಕ್ಷ್ಮ. ದುಂಡು ತಳ, ಅಂಚಿಗೆ ಕಾಲಿಟ್ಟರೆ ಅಷ್ಟೇ. ನಡುಮಧ್ಯಕ್ಕೆ ಹೆಜ್ಜೆ ಇಟ್ಟು, ಒಬ್ಬೊಬ್ಬರೇ ಇಳಿದು, ತಗ್ಗಿ ಕೂರಬೇಕು. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಗಣಪತಿ ಬಿಡಲು ಹೋದ ತೆಪ್ಪ ತುಂಗಭದ್ರೆಯಲ್ಲಿ ಮಗುಚಿ 12 ಯುವಕರು ತೀರಿಕೊಂಡರು. ಗಣಪತಿ ಬಿಡುವ ಸಂಭ್ರಮದಲ್ಲಿ ಜಾಕೆಟ್ ಯಾಕೆ ಅನ್ನುವ ಊರುಗಳು ಈಗಲೂ ಇವೆ. ನಿಮ್ಮ ಊರಿನ ಹುಡುಗರಿಗೆ ದಯವಿಟ್ಟು ಈ ಮಾತು ಮುಟ್ಟಿಸಿ.

ನಮ್ಮ ನೀರಿನ ಗುಣ

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಕಾಡು ನಿಂತಲ್ಲೇ ಮುಳುಗಿತು. ಪೂರ್ತಿ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಮರಗಳ ಬೊಡ್ಡೆಗಳು ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ ಇರುತ್ತವೆ, ದೋಣಿಯ ತಳಕ್ಕೆ ತಾಗುತ್ತವೆ. ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿದೆ, ದೇವಸ್ಥಾನಕ್ಕೆ ಹೋಗಲು ಈಗ ಲಾಂಚ್ ಕಾಯಬೇಕಿಲ್ಲ. ಆದರೆ ದೋಣಿ, ತೆಪ್ಪ ಹಿನ್ನೀರಿನಿಂದ ಹೋಗಿಲ್ಲ. ಹೊನ್ನೆಮರಡುವಿನಂಥ ಕಡೆ ಕಲಿಯಲು ಬರುವವರೂ ಇದ್ದಾರೆ.

ಗಾಜನೂರಿನ ತುಂಗಾ ಅಣೆಕಟ್ಟು ಮುಂಗಾರಿನಲ್ಲಿ ಬೇಗ ತುಂಬುತ್ತದೆ, ಗೇಟು ತೆರೆದರೆ ಕೆಳಗಿನ ಹೊಳೆ ನೋಡನೋಡುತ್ತಾ ಏರುತ್ತದೆ. ಒಡ್ಡಿನ ಕೆಳಗೆ ನೀರು ಸುತ್ತಿ ಹಿಂದಕ್ಕೇ ಎಳೆಯುತ್ತದೆ. ಅಲ್ಲಿ ಜಾಕೆಟ್ ಇದ್ದರೂ ಹೊರಬರುವುದು ಕಷ್ಟ, ಆ ಜಾಗಕ್ಕೆ ಹೋಗಲೇಬೇಡಿ. ಹರಿಯುವ ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಹರಿವಿನ ಕಡೆಗೆ, ಪಾದ ಮೇಲೆ. ಸೆಳೆತದಲ್ಲಿ ನಿಲ್ಲಲು ಹೋದರೆ ಪಾದ ಬಂಡೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ. ನಿಂತ ನೀರಿನಲ್ಲಾದರೆ ಮಗುಚಿದ ದೋಣಿಯನ್ನೇ ಹಿಡಿದಿರಿ.

ಇನ್ನೊಬ್ಬರನ್ನು ಎತ್ತುವಾಗ

ನೀವು ಹಾರಬೇಡಿ. ಮುಳುಗುವವರು ನಿಮ್ಮನ್ನೇ ಹತ್ತುತ್ತಾರೆ. ಹಗ್ಗ ಎಸೆಯಿರಿ, ಇಲ್ಲವಾದರೆ ಮುಚ್ಚಳ ಬಿಗಿ ಮಾಡಿದ ಖಾಲಿ ಕ್ಯಾನ್. 20 ಲೀಟರಿನದು 19 ಕೆಜಿ ಹತ್ತಿರ ಎತ್ತುತ್ತದೆ.

ದಡಕ್ಕೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಬೇಡ. ಅದರಿಂದ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ, ಇರುವ ಸಮಯವೂ ಹಾಳು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಸಲ ಒತ್ತು, 2 ಉಸಿರು, ಹೀಗೇ ಮುಂದುವರಿಸಿ. ಮತ್ತೊಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ಎದ್ದು ಕೂತು ಆರಾಮಿದ್ದೇನೆ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶ್ವಾಸಕೋಶಕ್ಕೆ ಹೋದ ನೀರು ಕೆಲವು ಗಂಟೆ ಕಳೆದ ಮೇಲೂ ಉಸಿರಾಟ ಕೆಡಿಸಬಲ್ಲದು.