ಮನೆಯಲ್ಲಿ 11.7, ಸ್ಪರ್ಧೆಯಲ್ಲಿ 12.1: ಏರ್ ರೈಫಲ್ಲಿನ ಯಾವ ಅಳತೆಯನ್ನು ನಂಬಬೇಕು?

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ನೆಲೆಸಿದ್ದು, ಈಚೆಗೆ ಫೀಲ್ಡ್ ಟಾರ್ಗೆಟ್ (ಬಯಲಿನಲ್ಲಿ ಬೇರೆ ಬೇರೆ ದೂರದ ಗುರಿಗಳಿಗೆ ಏರ್ ರೈಫಲ್ಲಿನಿಂದ ಹೊಡೆಯುವ ಆಟ) ಸ್ಪರ್ಧೆಗಳಲ್ಲಿ ಭಾಗವಹಿಸಲು ಆರಂಭಿಸಿದ್ದೇನೆ. ಮನೆಯ ಕ್ರೋನೋಗ್ರಾಫ್‌ನಲ್ಲಿ (ಹೊಡೆತದ ವೇಗ ಅಳೆಯುವ ಉಪಕರಣ) ನನ್ನ ರೈಫಲ್ 11.7 ಅಡಿ-ಪೌಂಡ್ ಶಕ್ತಿ ತೋರಿಸುತ್ತದೆ. ಅದೇ ರೈಫಲ್ ಸ್ಪರ್ಧೆಯ ದಿನ 12.1 ತೋರಿಸಿ 12ರ ಮಿತಿಯನ್ನು ಮೀರಿದ್ದರಿಂದ ನನಗೆ ಅವಕಾಶ ಸಿಗಲಿಲ್ಲ. ತಪ್ಪು ಯಾವ ಉಪಕರಣದ್ದು?

ಉತ್ತರ: ಎರಡು ಅಳತೆಗಳೂ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಕ್ರೋನೋಗ್ರಾಫ್ ತೋರಿಸುವ ಅಂಕಿಯಲ್ಲಿ ರೈಫಲ್ಲಿನ ಜೊತೆಗೆ ಬಳಸಿದ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು), ಸಿಲಿಂಡರಿನಲ್ಲಿ ಆ ಹೊತ್ತಿಗೆ ಉಳಿದಿದ್ದ ಗಾಳಿಯ ಒತ್ತಡ, ಆ ದಿನದ ತಾಪಮಾನ ಮತ್ತು ಉಪಕರಣವನ್ನು ಇಟ್ಟ ರೀತಿ ಎಲ್ಲವೂ ಸೇರಿಕೊಂಡಿರುತ್ತವೆ. ಇವುಗಳಲ್ಲಿ ಒಂದು ಬದಲಾದರೂ 0.4 ಅಡಿ-ಪೌಂಡ್ ವ್ಯತ್ಯಾಸ ಬರುವುದು ಅಸಾಧ್ಯವೇನಲ್ಲ.

ಮೊದಲು ಮಿತಿಯ ಸ್ವರೂಪವನ್ನು ಗಮನಿಸೋಣ. ಮಿತಿ ಇರುವುದು ವೇಗದ ಮೇಲಲ್ಲ, ನಳಿಕೆಯ ಬಾಯಲ್ಲಿ ಪೆಲೆಟ್ ಹೊಂದಿರುವ ಚಲನಶಕ್ತಿಯ ಮೇಲೆ. ಬ್ರಿಟನ್ನಿನ 1969ರ ನಿಯಮಗಳು ಏರ್ ರೈಫಲ್ಲಿಗೆ 12 ಅಡಿ-ಪೌಂಡ್, ಅಂದರೆ ಸುಮಾರು 16.27 ಜೂಲ್ ಎಂದು ನಿಗದಿಪಡಿಸಿವೆ; ಇಂಗ್ಲೆಂಡಿನಲ್ಲಿ ಅದನ್ನು ಮೀರಿದ ರೈಫಲ್ಲನ್ನು ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಆದ್ದರಿಂದ ಅಲ್ಲಿನ ಸಂಘಟಕರು ತೋರುವ ಬಿಗಿ ಕ್ರೀಡಾ ನಿಯಮಕ್ಕಷ್ಟೇ ಸಂಬಂಧಿಸಿದ್ದಲ್ಲ. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಬರುವ ಅಂಕಿ 20 ಜೂಲ್; ಬೆಂಗಳೂರಿನಲ್ಲಿ ಅಡ್ಡಿಯಿಲ್ಲದ ರೈಫಲ್ ಲಂಡನ್ನಿನಲ್ಲಿ ಕಾನೂನು ಮೀರಿದ್ದಾಗಬಹುದು ಎಂಬುದನ್ನು ಊರಿನಿಂದ ಹೋದವರು ನೆನಪಿನಲ್ಲಿಡಬೇಕು.

ಲೆಕ್ಕ ಸರಳವಾಗಿದೆ. ಪೆಲೆಟ್ಟಿನ ತೂಕವನ್ನು ಗ್ರೇನ್‌ಗಳಲ್ಲಿಯೂ (ಒಂದು ಗ್ರೇನ್ ಸುಮಾರು 0.065 ಗ್ರಾಂ) ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿಯೂ ತೆಗೆದುಕೊಂಡು, ವೇಗದ ವರ್ಗವನ್ನು ತೂಕದಿಂದ ಗುಣಿಸಿ, ಬಂದದ್ದನ್ನು 450240ರಿಂದ ಭಾಗಿಸಿದರೆ ಅಡಿ-ಪೌಂಡ್ ದೊರೆಯುತ್ತದೆ. ಫೀಲ್ಡ್ ಟಾರ್ಗೆಟ್‌ನಲ್ಲಿ ಬಹಳ ಬಳಕೆಯಲ್ಲಿರುವ 8.44 ಗ್ರೇನ್ ಪೆಲೆಟ್ 790 ಅಡಿ ವೇಗದಲ್ಲಿ 11.7 ಕೊಡುತ್ತದೆ, 800 ಅಡಿಗೆ ಹೆಚ್ಚು ಕಡಿಮೆ 12ನ್ನು ಮುಟ್ಟುತ್ತದೆ, 803ಕ್ಕೆ 12.1 ಆಗುತ್ತದೆ. ನಿಮ್ಮ ಎರಡು ಅಳತೆಗಳ ನಡುವಿನ ಅಂತರ ಇಷ್ಟೇ, ಸೆಕೆಂಡಿಗೆ ಸುಮಾರು 13 ಅಡಿ. ಡಬ್ಬಿಯ ಮೇಲೆ ಅಚ್ಚಾದ ತೂಕವೂ ಸರಾಸರಿಯೇ ಆಗಿರುವುದರಿಂದ, ಸೂಕ್ಷ್ಮ ತಕ್ಕಡಿಯಲ್ಲಿ ಕೆಲವು ಪೆಲೆಟ್‌ಗಳನ್ನು ತೂಗಿ ನೋಡುವುದು ಅಗತ್ಯ. 800 ಅಡಿ ವೇಗದ ಪೆಲೆಟ್ 8.44ರ ಬದಲು 8.5 ಗ್ರೇನ್ ಇದ್ದರೆ ಉತ್ತರ 12.08 ಆಗಿಬಿಡುತ್ತದೆ.

ನಿಮ್ಮದು ಸಿಲಿಂಡರಿನಲ್ಲಿ ಗಾಳಿ ತುಂಬಿಡುವ ಪಿಸಿಪಿ ರೈಫಲ್ ಆಗಿದ್ದರೆ ನಾನು ಮೊದಲು ಸಂಶಯಪಡುವುದು ಒತ್ತಡವನ್ನು. ರೆಗ್ಯುಲೇಟರ್ (ವಾಲ್ವಿಗೆ ಹೋಗುವ ಗಾಳಿಯ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ಭಾಗ) ಇಲ್ಲದ ಪಿಸಿಪಿಯಲ್ಲಿ ಸಿಲಿಂಡರ್ ಪೂರ್ತಿ ತುಂಬಿರುವಾಗ ಒಳಗಿನ ಒತ್ತಡವೇ ವಾಲ್ವನ್ನು ಬಲವಾಗಿ ಮುಚ್ಚಿ ಹಿಡಿದಿರುತ್ತದೆ. ಟ್ರಿಗರ್ ಎಳೆದಾಗ ಒಳಗಿನ ಸುತ್ತಿಗೆ ಬಡಿದರೂ ವಾಲ್ವ್ ಸ್ವಲ್ಪ ಹೊತ್ತು ಮಾತ್ರ ತೆರೆಯುವುದರಿಂದ ವೇಗ ಕಡಿಮೆಯಾಗಿರುತ್ತದೆ. ಹೊಡೆಯುತ್ತ ಹೋದಂತೆ ಒತ್ತಡ ಇಳಿದು, ವಾಲ್ವ್ ಹೆಚ್ಚು ತೆರೆದು, ವೇಗ ಏರುತ್ತ ಹೋಗಿ ಒಂದು ಗರಿಷ್ಠ ಮಟ್ಟವನ್ನು ಮುಟ್ಟಿ ಅನಂತರ ಇಳಿಯುತ್ತದೆ. ಮನೆಯಲ್ಲಿ ಗಾಳಿ ತುಂಬಿದ ಕೂಡಲೇ ಐದಾರು ಸಲ ಹೊಡೆದು ನೋಡಿ ನಿಶ್ಚಿಂತರಾದವರು, ಸ್ಪರ್ಧೆಯ ನಡುವೆ ಪರೀಕ್ಷೆಗೆ ಕರೆದಾಗ ಸರಿಯಾಗಿ ಆ ಗರಿಷ್ಠ ಮಟ್ಟದಲ್ಲಿ ಸಿಕ್ಕಿಬೀಳುತ್ತಾರೆ. ರೆಗ್ಯುಲೇಟರ್ ಇರುವ ರೈಫಲ್ಲಿನ ತೊಂದರೆ ಬೇರೆ ಬಗೆಯದು: ಅದರ ಸೀಲ್ ಸವೆದಿದ್ದರೆ ರಾತ್ರಿಯೆಲ್ಲ ಗಾಳಿ ಮೆಲ್ಲಗೆ ಜಿನುಗಿ ವಾಲ್ವಿನ ಬಳಿ ಒತ್ತಡ ಏರಿರುತ್ತದೆ, ಮರುದಿನದ ಮೊದಲ ಒಂದೆರಡು ಹೊಡೆತಗಳು ಸಾಮಾನ್ಯವಾಗಿ ಉಳಿದವುಗಳಿಗಿಂತ ವೇಗವಾಗಿರುತ್ತವೆ. ಸ್ಪರ್ಧೆಗೆ ಮೊದಲೇ ಪರೀಕ್ಷೆ ನಡೆದರೆ ಪರೀಕ್ಷಕರು ನೋಡುವುದು ಆ ಮೊದಲ ಹೊಡೆತಗಳನ್ನೇ.

ಸ್ಪ್ರಿಂಗಿನ ಬಲದಿಂದ ಗಾಳಿಯನ್ನು ಒತ್ತುವ ಸ್ಪ್ರಿಂಗ್ ರೈಫಲ್ಲಿನಲ್ಲಿ ಹೊಸದಾಗಿ ಹಾಕಿದ ಎಣ್ಣೆ ಒತ್ತಡದ ಶಾಖಕ್ಕೆ ಉರಿದು ವೇಗವನ್ನು ಏರಿಸಬಲ್ಲದು.

ಪೆಲೆಟ್ ಬದಲಾಯಿಸಿದರೂ ಫಲಿತಾಂಶ ಬದಲಾಗುತ್ತದೆ. ಸಾಮಾನ್ಯವಾಗಿ ಪಿಸಿಪಿಯಲ್ಲಿ ಭಾರದ ಪೆಲೆಟ್ ಹೆಚ್ಚು ಶಕ್ತಿ ಪಡೆಯುತ್ತದೆ, ಸ್ಪ್ರಿಂಗ್ ರೈಫಲ್ಲಿನಲ್ಲಿ ಹಗುರವಾದದ್ದು. 10.34 ಗ್ರೇನ್ ಪೆಲೆಟ್ಟಿಗೆ ಮಿತಿ ತಲುಪಲು 723 ಅಡಿ ವೇಗವೇ ಸಾಕು. ಕಾನೂನು ನೀವು ಇಷ್ಟಪಡುವ ಪೆಲೆಟ್ಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಹಗುರ, ಮಧ್ಯಮ, ಭಾರ ಮೂರು ಬಗೆಗಳಿಂದಲೂ ಹೊಡೆದು ನೋಡಬೇಕು.

ಇನ್ನು ಉಪಕರಣದ ವಿಚಾರ. ಹೆಚ್ಚಿನ ಕ್ರೋನೋಗ್ರಾಫ್‌ಗಳು ಎರಡು ಬೆಳಕಿನ ಸಂವೇದಕಗಳ ನಡುವಿನ ದೂರವನ್ನು ಪೆಲೆಟ್ ಎಷ್ಟು ಹೊತ್ತಿನಲ್ಲಿ ದಾಟಿತೆಂದು ಅಳೆಯುತ್ತವೆ. ಆ ದೂರ 300 ಮಿಲಿಮೀಟರ್ ಇದ್ದು ಅದರಲ್ಲಿ 1 ಮಿಲಿಮೀಟರ್ ತಪ್ಪಿದ್ದರೆ ವೇಗದಲ್ಲಿ ಶೇ. 0.33 ವ್ಯತ್ಯಾಸವಾಗುತ್ತದೆ, ಶಕ್ತಿ ವೇಗದ ವರ್ಗವನ್ನು ಅವಲಂಬಿಸಿರುವುದರಿಂದ ಅದು ಇಮ್ಮಡಿಯಾಗಿ, 12ರ ಹತ್ತಿರ 0.08 ಅಡಿ-ಪೌಂಡ್‌ನಷ್ಟು ತಪ್ಪಾಗುತ್ತದೆ. ಪೆಲೆಟ್ ಓರೆಯಾಗಿ ಹಾದುಹೋದರೆ ದಾರಿ ಉದ್ದವಾಗಿ ವೇಗ ಕಡಿಮೆ ಕಾಣುತ್ತದೆ. ನಳಿಕೆಯ ಬಾಯಿ ತೀರ ಹತ್ತಿರವಿದ್ದರೆ ಹೊರನುಗ್ಗುವ ಗಾಳಿಯೇ ಮೊದಲ ಸಂವೇದಕವನ್ನು ಕೆಣಕಬಹುದು. ದೂರವಿದ್ದರೆ ಪೆಲೆಟ್ ಅಷ್ಟರಲ್ಲಿ ವೇಗ ಕಳೆದುಕೊಂಡಿರುತ್ತದೆ. ಮಿನುಗುವ ಟ್ಯೂಬ್‌ಲೈಟ್ ಕೆಳಗೆ ಬರುವ ವಿಚಿತ್ರ ಅಂಕಿಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ.

ಹಾಗಾಗಿ ಸಿಲಿಂಡರನ್ನು ತುಂಬಿ, ನೀವು ಸ್ಪರ್ಧೆಯಲ್ಲಿ ಬಳಸುವ ಕನಿಷ್ಠ ಒತ್ತಡದವರೆಗೂ ಬಿಡದೆ ಹೊಡೆಯುತ್ತ ಪ್ರತಿ ವೇಗವನ್ನೂ ಒತ್ತಡದೊಂದಿಗೆ ಬರೆದುಕೊಳ್ಳಿ. ಸರಾಸರಿಯನ್ನು ಬದಿಗಿಟ್ಟು ಅತಿ ಹೆಚ್ಚಿನ ಅಂಕಿಯನ್ನು ಮಾತ್ರ ಗಮನಿಸಿ, ಏಕೆಂದರೆ ಮಿತಿ ಮೀರಲು ಒಂದೇ ಹೊಡೆತ ಸಾಕು. ಒಂದು ರಾತ್ರಿ ಬಿಟ್ಟು ಮರುದಿನದ ಮೊದಲ ಹೊಡೆತವನ್ನೂ, ಬಿಸಿಲಿನ ದಿನ ಮತ್ತು ಚಳಿಯ ದಿನದ ಅಳತೆಗಳನ್ನೂ ಅದೇ ಪಟ್ಟಿಗೆ ಸೇರಿಸಿ. ನನ್ನ ಅಭಿಪ್ರಾಯದಲ್ಲಿ 8.44 ಗ್ರೇನ್ ಪೆಲೆಟ್ಟಿನ ಗರಿಷ್ಠ ವೇಗ ಸುಮಾರು 785 ಅಡಿಯಲ್ಲಿ, ಅಂದರೆ 11.55 ಅಡಿ-ಪೌಂಡ್‌ನಲ್ಲಿ ನಿಲ್ಲುವಂತಿದ್ದರೆ ಉತ್ತಮ. ಉಳಿದ ಅರ್ಧ ಅಡಿ-ಪೌಂಡ್ ಬಿಟ್ಟುಕೊಟ್ಟರೆ 55 ಗಜದ ಗುರಿಗೆ ಟೆಲಿಸ್ಕೋಪಿನ ಗುರಿ ಹೊಂದಿಸುವ ತಿರುಗುಗುಂಡಿಯನ್ನು ಕೆಲವೇ ಕ್ಲಿಕ್ ಹೆಚ್ಚು ತಿರುಗಿಸಬೇಕಾಗುತ್ತದೆ. ವೇಗ ಇಳಿಸುವ ಕೆಲಸವನ್ನು ಅನುಭವವುಳ್ಳ ಬಂದೂಕು ದುರಸ್ತಿಗಾರರಿಂದ ಮಾಡಿಸಿ, ಮುಂದಿನ ಸ್ಪರ್ಧೆಗೆ ಮೊದಲು ನಿಮ್ಮ ಕ್ರೋನೋಗ್ರಾಫ್ ಮತ್ತು ಕ್ಲಬ್ಬಿನದು ಎರಡನ್ನೂ ಒಂದರ ಹಿಂದೆ ಒಂದಿಟ್ಟು ಅದೇ ಹೊಡೆತಗಳನ್ನು ಅಳೆಯಲು ಸಂಘಟಕರನ್ನು ಕೇಳಿಕೊಳ್ಳಿ.