ಇ.ಇ.ಆರ್.: ಮಂಜುಗಡ್ಡೆಯ ಕಡಲಿನಲ್ಲಿ ಹಡಗು ಬಿಡುವುದು ಹೇಗೆ

ಹಾಸನ, ಚಿಕ್ಕಮಗಳೂರು ಕಡೆಯಿಂದ ಹಡಗಿನ ಕೆಲಸಕ್ಕೋ ತೈಲದ ರಿಗ್‌ಗೋ ಹೊರಡುವವರು ತಿಳಿದಿರಬೇಕಾದ ಪದ ಇ.ಇ.ಆರ್. ಎಸ್ಕೇಪ್, ಇವ್ಯಾಕ್ಯುಯೇಷನ್, ರೆಸ್ಕ್ಯೂ ಎಂಬ ಮೂರು ಹಂತ ಸೇರಿದ ಹೆಸರು ಇದು. ಬೆಂಕಿ ಬಿದ್ದ, ಗ್ಯಾಸ್ ಸೋರಿದ ಜಾಗದಿಂದ ಮಸ್ಟರ್ ಸ್ಟೇಷನ್, ಅಂದರೆ ಅಪಾಯದ ಹೊತ್ತಿನಲ್ಲಿ ಎಲ್ಲರೂ ಸೇರಬೇಕಾದ ಜಾಗ, ಮುಟ್ಟುವುದು ಎಸ್ಕೇಪ್. ಅಲ್ಲಿಂದ ಹಡಗನ್ನೋ ರಿಗ್ಗನ್ನೋ ಬಿಟ್ಟು ದೂರ ಸರಿಯುವುದು ಇವ್ಯಾಕ್ಯುಯೇಷನ್. ಹಾಗೆ ಹೊರಟವರನ್ನು ಎತ್ತಿಕೊಂಡು ಸುರಕ್ಷಿತ ಜಾಗಕ್ಕೆ ಸೇರಿಸುವುದು ರೆಸ್ಕ್ಯೂ.

ಉಪ್ಪುನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ. ಗೊರೂರಿನ ಹಿನ್ನೀರಿನಲ್ಲಿ ಈಜಿ ಪಳಗಿದವರೂ ಅಂಥ ನೀರಿನಲ್ಲಿ ಈಜನ್ನು ನಂಬುವಂತಿಲ್ಲ. ಬಿದ್ದೊಡನೆ ಮೈ ತಾನಾಗಿಯೇ ಜೋರಾಗಿ ಉಸಿರೆಳೆದುಕೊಳ್ಳುತ್ತದೆ. ಆಗ ಬಾಯಿ ನೀರಿನಡಿ ಇದ್ದರೆ ಜೀವಕ್ಕೇ ಕುತ್ತು. ಉಸಿರು ಹತೋಟಿಗೆ ಬರಲು ಸುಮಾರು 1 ನಿಮಿಷ, ಕೈಬೆರಳು ಮಾತು ಕೇಳುವುದು ಸುಮಾರು 10 ನಿಮಿಷ, ಮೈಶಾಖ ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಎಲ್ಲರೂ ಹೆದರುವುದು ಆ ಕೊನೆಯದಕ್ಕೆ. ಆದರೆ ಲೈಫ್‌ಜಾಕೆಟ್ ಇಲ್ಲದವರು ಬಹುಪಾಲು ಅಷ್ಟು ಹೊತ್ತು ತೇಲುವುದೇ ಇಲ್ಲ, ಕೈಕಾಲು ಸೋತು ಮೊದಲೇ ಮುಳುಗುತ್ತಾರೆ. ಅದಕ್ಕೇ ಇಮ್ಮರ್ಷನ್ ಸೂಟ್, ಅಂದರೆ ತಣ್ಣೀರಿನಿಂದ ಕಾಯುವ, ಮೈಯೆಲ್ಲ ಮುಚ್ಚುವ ಉಡುಪು. ಅದನ್ನು 2 ನಿಮಿಷದೊಳಗೆ ಯಾರ ನೆರವೂ ಇಲ್ಲದೆ ತೊಡಲು ಬರಬೇಕು. ಶಾಖ ತಡೆಯುವ ಬಗೆಯ ಸೂಟು 0ರಿಂದ 2 ಡಿಗ್ರಿ ನೀರಿನಲ್ಲಿ 6 ಗಂಟೆ ಇದ್ದರೂ ಒಳಮೈಯ ಶಾಖ 2 ಡಿಗ್ರಿಗಿಂತ ಹೆಚ್ಚು ಇಳಿಯಲು ಬಿಡಬಾರದು ಎಂಬುದು ನಿಯಮ. ಜಿಪ್ ಗಲ್ಲದವರೆಗೆ ಏರದಿದ್ದರೆ ಒಳಗೆ ನೀರು ನುಗ್ಗಿ ಸೂಟಿನ ಪ್ರಯೋಜನವೇ ಹೋಗುತ್ತದೆ.

ಇಷ್ಟಾದರೂ ಗುರಿ ಒಂದೇ, ನೀರು ಮುಟ್ಟದೆ ಹೊರಡುವುದು. ತೊಡಕು ಇರುವುದೂ ಅಲ್ಲೇ. ಲೈಫ್‌ಬೋಟ್ ತಯಾರಾಗಿರುವುದು ತೆರೆದ ನೀರಿಗೆ. ಕೆಳಗೆ ಮಂಜುಗಡ್ಡೆ ಹಾಸಿಕೊಂಡಿದ್ದರೆ ಮೇಲಿನಿಂದ ಜಾರಿ ಬೀಳುವ ಫ್ರೀಫಾಲ್ ದೋಣಿಯನ್ನು ಬಿಡುವಂತೆಯೇ ಇಲ್ಲ. ಡೇವಿಟ್‌ನಿಂದ, ಅಂದರೆ ದೋಣಿ ತೂಗುಹಾಕುವ ಕಂಬದಿಂದ, ಹಗ್ಗದಲ್ಲಿ ಇಳಿಸುವ ದೋಣಿಯ ಕೊಕ್ಕೆ ಮಂಜುಗಟ್ಟಿ ಬಿಡಿಸಿಕೊಳ್ಳದಿರಬಹುದು. ಇಳಿದ ಮೇಲೆ ಪ್ರೊಪೆಲರ್‌ಗೆ ಗಡ್ಡೆ ಬಡಿಯುತ್ತದೆ, ಎಂಜಿನ್ ತಂಪಿಗೆ ಸಮುದ್ರದ ನೀರನ್ನು ಹೀರುವ ಪೈಪಿನಲ್ಲಿ ಮಂಜಿನ ರಾಡಿ ಕಟ್ಟಿಕೊಳ್ಳುತ್ತದೆ, ಚಳಿಗೆ ಹೊಂದದ ಡೀಸೆಲ್ ಮೇಣಗಟ್ಟುತ್ತದೆ. ದಪ್ಪ ಸೂಟು ತೊಟ್ಟವರು ಲೆಕ್ಕದಷ್ಟು ಜನ ಆಸನಗಳಲ್ಲಿ ಹಿಡಿಸದೆಯೂ ಹೋಗಬಹುದು.

ನಿಂತ ರಿಗ್ಗಿನಲ್ಲಿ ಇನ್ನೊಂದು ಇಕ್ಕಟ್ಟು. ತೇಲಿ ಬರುವ ಗಡ್ಡೆ ರಿಗ್ಗಿಗೆ ಬಡಿದು ಒಡೆಯುವುದರಿಂದ ಹಿಂಬದಿಯಲ್ಲಿ ಸ್ವಲ್ಪ ದೂರ ನೀರು ತೆರೆದಿರುತ್ತದೆ. ದೋಣಿ ಇಳಿಸಲು ತಕ್ಕ ಜಾಗ ಅದೇ. ಆದರೆ ಗಡ್ಡೆ ಎಷ್ಟೋ ಸಲ ಗಾಳಿಯ ದಿಕ್ಕಿಗೇ ಸಾಗುತ್ತದೆ, ಸೋರಿದ ಗ್ಯಾಸೂ ಅತ್ತಲೇ. ಹಾಗಾಗಿ ಒಂದೇ ಬದಿಯಲ್ಲಿ ದೋಣಿ ಇಟ್ಟರೆ ಸಾಲದು, ಗಡ್ಡೆ ಸಾಗುವ ದಿಕ್ಕನ್ನು ಆಗಾಗ ನೋಡಿಕೊಳ್ಳುತ್ತಲೂ ಇರಬೇಕು. ಉತ್ತರ ಕ್ಯಾಸ್ಪಿಯನ್ ಸಮುದ್ರದ ಕಶಗಾನ್ ತೈಲಕ್ಷೇತ್ರದಲ್ಲಿ ನೀರಿನ ಆಳ ಕೆಲವೇ ಮೀಟರ್, ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ, ತೈಲದ ಜೊತೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್. ಮಾಮೂಲಿ ಲೈಫ್‌ಬೋಟ್ ಅಲ್ಲಿ ನಡೆಯದು. ಗಡ್ಡೆ ಒಡೆದು ಸಾಗುವ, ಹೊರಗಿನ ಗಾಳಿ ಒಳಬಿಡದ ವಿಶೇಷ ದೋಣಿಗಳೇ ಬೇಕಾದವು.

ದೋಣಿ ಹತ್ತಿದ ಮೇಲೆ ಕಾಯಬೇಕು. 2007ರ ನವೆಂಬರ್ 23ರಂದು ಅಂಟಾರ್ಕ್ಟಿಕದ ಬಳಿ ಎಂ.ಎಸ್. ಎಕ್ಸ್‌ಪ್ಲೋರರ್ ಎಂಬ ಪ್ರವಾಸಿ ಹಡಗು ಮುಳುಗಿದಾಗ 154 ಜನರೂ ಬದುಕಿದರು, ಕೆಲವೇ ಗಂಟೆಗಳಲ್ಲಿ ಇನ್ನೊಂದು ಹಡಗು ತಲುಪಿತ್ತು. ಎಲ್ಲ ಕಡೆ ಹೀಗಾಗುವುದಿಲ್ಲ. 2017ರ ಜನವರಿ 1ರಿಂದ ಜಾರಿಯಲ್ಲಿರುವ ಪೋಲಾರ್ ಕೋಡ್, ಅಂದರೆ ಧ್ರುವದ ಕಡಲುಗಳಲ್ಲಿ ಸಾಗುವ ಹಡಗುಗಳ ಅಂತರರಾಷ್ಟ್ರೀಯ ನಿಯಮಾವಳಿ, ನೆರವು ಬರುವ ಸಮಯವನ್ನು 5 ದಿನಕ್ಕಿಂತ ಕಡಿಮೆ ಎಂದು ಲೆಕ್ಕ ಹಾಕಲು ಬಿಡುವುದಿಲ್ಲ. ಮುಚ್ಚಿದ ದೋಣಿಯಲ್ಲಿ ಅಷ್ಟು ದಿನ ಎಂದರೆ ಉಸಿರಿನ ತೇವ ಗೋಡೆಗೆ ಹನಿಗಟ್ಟಿ ಬಟ್ಟೆ ಒದ್ದೆ, ಕಿಂಡಿ ತೆರೆದರೆ ಚಳಿ, ಮುಚ್ಚಿದರೆ ಇಂಗಾಲದ ಡೈಆಕ್ಸೈಡ್. ಆಗಾಗ ತೆರೆದು ಗಾಳಿ ಆಡಿಸದೆ ಬೇರೆ ದಾರಿ ಇಲ್ಲ.

ನೀರಿನಿಂದ ಎತ್ತುವಾಗ ಆದಷ್ಟೂ ಮಲಗಿದ ಭಂಗಿಯಲ್ಲೇ ಎತ್ತಬೇಕು. ನೆಟ್ಟಗೆ ಎಳೆದರೆ ಅಷ್ಟು ಹೊತ್ತು ಮೈಯನ್ನು ಒತ್ತಿ ಹಿಡಿದಿದ್ದ ನೀರಿನ ಆಸರೆ ತಪ್ಪಿ ರಕ್ತದೊತ್ತಡ ಕುಸಿಯಬಹುದು. ಕೈಕಾಲು ಉಜ್ಜಬಾರದು, ನಡೆಸಬಾರದು, ಮದ್ಯ ಕೊಡಬಾರದು. ಒದ್ದೆ ಬಟ್ಟೆಯನ್ನು ಕತ್ತರಿಸಿ ತೆಗೆದು ಎದೆ, ಕಂಕುಳಿಗೆ ಶಾಖ ಕೊಡಬೇಕು. ತಣ್ಣಗಾದ ಮೈಯಲ್ಲಿ ನಾಡಿ ಬಹಳ ನಿಧಾನ, ಆದ್ದರಿಂದ ಇಲ್ಲ ಎನ್ನುವ ಮುಂಚೆ ಪೂರ್ತಿ ಒಂದು ನಿಮಿಷ ಹಿಡಿದು ನೋಡಬೇಕು.